ಆ ಹನ್ನೊಂದು ತಿಂಗಳು ಏನ್ ಮಾಡ್ತಿದ್ರಿ?

1792ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಒಂದು ಕಾನೂನು ಪಾಸ್ ಮಾಡಿತು. ಹೆಸರು ಸರ್ವೆಂಟ್ಸ್ ಕ್ಯಾರೆಕ್ಟರ್ಸ್ ಆಕ್ಟ್. ಆ ಕಾಲದಲ್ಲಿ 'ಕ್ಯಾರೆಕ್ಟರ್' ಅಂದ್ರೆ ನಡತೆ ಅನ್ನೋ ಅರ್ಥ ಒಂದೇ ಇರಲಿಲ್ಲ. ಮನೆಗೆಲಸದವರು ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಸೇರುವಾಗ ಹಳೇ ಯಜಮಾನರಿಂದ ತರಬೇಕಿದ್ದ ಪತ್ರಕ್ಕೂ ಅದೇ ಹೆಸರು. ನಮ್ಮ ಲೆಕ್ಕದಲ್ಲಿ ಎಕ್ಸ್‌ಪೀರಿಯನ್ಸ್ ಲೆಟರ್, ರಿಲೀವಿಂಗ್ ಲೆಟರ್, ರೆಫರೆನ್ಸ್ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದ ಹಾಗೆ.

ಆ ಕಾನೂನು ಯಾವ್ಯಾವುದನ್ನು ಅಪರಾಧ ಅಂತ ಕರೆಯಿತು ನೋಡಿ. ಕೆಲಸಕ್ಕಿದ್ದ ಅವಧಿಯನ್ನು ಸುಳ್ಳು ಬರೆಯೋದು. ಮಾಡಿದ ಕೆಲಸ ಒಂದು, ಪತ್ರದಲ್ಲಿ ಇನ್ನೊಂದು. ಬಿಟ್ಟ ದಿನಾಂಕವನ್ನು ಹಿಂದೆಮುಂದೆ ಮಾಡೋದು. ಮೊದಲು ಒಂದು ಮನೆಯಲ್ಲಿದ್ದು ಅದನ್ನು ಮುಚ್ಚಿಟ್ಟು, ಎಲ್ಲೂ ಕೆಲಸಕ್ಕೇ ಇರಲಿಲ್ಲ ಅಂತ ಹೇಳೋದು. ಸಿಕ್ಕಿಬಿದ್ದರೆ ದಂಡ 20 ಪೌಂಡು. ಮನೆಗೆಲಸದ ಹೆಣ್ಣುಮಗಳು ವರ್ಷವಿಡೀ ದುಡಿದರೂ ಅಷ್ಟು ಸಂಬಳ ಬರುತ್ತಿರಲಿಲ್ಲ. ಕಟ್ಟೋಕಾಗದಿದ್ದರೆ ಜೈಲು.

ಈ ಪಟ್ಟಿ ಓದಿದಾಗ ನನಗೆ ನಗು ಬಂತು. ಯಾಕಂದ್ರೆ ಇವತ್ತು ಯಾವುದೇ ಕಂಪನಿಗೆ ಸೇರುವಾಗ ನಾವು ಸಹಿ ಹಾಕುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರಂ ಹೆಚ್ಚುಕಮ್ಮಿ ಇದೇ ಪಟ್ಟಿ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಬಿಟ್ಟ ಕಾರಣ, ಬೇರೆ ಎಲ್ಲಾದರೂ ಕೆಲಸ ಮಾಡಿದ್ದು ಮುಚ್ಚಿಟ್ಟಿದ್ದೀರಾ. ಇನ್ನೂರಮೂವತ್ತು ವರ್ಷದಲ್ಲಿ ಸೇರಿರೋದು ಒಂದು ಕಾಲಂ: 'ಗ್ಯಾಪ್ ಇದ್ದರೆ ಕಾರಣ ತಿಳಿಸಿ.'

ಗ್ಯಾಪ್ ಇದ್ದವರಿಗೆ ಮಾತ್ರ ಗೊತ್ತು ಆ ಒಂದು ಸಾಲಿನ ಭಾರ. ಕೈ ಅಲ್ಲೇ ನಿಂತುಬಿಡುತ್ತೆ. ಹೇಳಿದರೆ ಕೆಲಸ ಹೋಗುತ್ತಾ, ಹೇಳದಿದ್ದರೆ ಸಿಕ್ಕಿಹಾಕಿಕೊಳ್ತೀನಾ ಅನ್ನೋ ಲೆಕ್ಕ. ಅದಕ್ಕೆ ಉತ್ತರ ಹುಡುಕುತ್ತಾ ಹೋದ ನಾನು ಯಾಕೋ ಈ ಪ್ರಶ್ನೆಯ ಚರಿತ್ರೆಗೇ ಇಳಿದುಬಿಟ್ಟೆ. ನಿಂತ ಕೋಡ್‌ನಲ್ಲಿ ಬಗ್ ಹುಡುಕುವವರಿಗೆ ಇದೊಂದು ಚಟ. ಇದು ಯಾರು ಬರೆದದ್ದು, ಯಾವಾಗ, ಯಾಕೆ ಅಂತ ಹಳೇ ಕಮಿಟ್‌ಗಳನ್ನೆಲ್ಲ ಕೆದಕದೆ ನಿದ್ದೆ ಬರಲ್ಲ.

ಬ್ರಿಟನ್ನಿನ ಕಾನೂನಿನಲ್ಲಿ ಒಂದು ತಮಾಷೆ ಇತ್ತು. ಸುಳ್ಳು ಪತ್ರ ಅಪರಾಧ ಸರಿ, ಆದರೆ ನಿಜವಾದ ಪತ್ರವನ್ನು ಕೊಡಲೇಬೇಕು ಅಂತ ಯಜಮಾನರಿಗೆ ಎಲ್ಲೂ ಹೇಳಿರಲಿಲ್ಲ. 1800ರಲ್ಲಿ ಇದೇ ವಿಷಯ ಕೋರ್ಟಿಗೆ ಹೋಯಿತು. ಕ್ಯಾರಲ್ ವಿರುದ್ಧ ಬರ್ಡ್ ಅನ್ನೋ ಕೇಸು. ಹಳೇ ಮನೆಯವರು ಪತ್ರ ಕೊಡಲಿಲ್ಲ, ಅದರಿಂದ ಸಿಗಬೇಕಿದ್ದ ಕೆಲಸ ತಪ್ಪಿತು ಅಂತ ದೂರು. ಲಾರ್ಡ್ ಕೆನ್ಯನ್ ಕೊಟ್ಟ ತೀರ್ಪಿನ ಸಾರ ಇಷ್ಟು: ಪತ್ರ ಕೊಡುವ ಕರ್ತವ್ಯ ಯಜಮಾನನಿಗೆ ಇಲ್ಲ. ಕೊಡೋದು ಬಿಡೋದು ಅವನ ಇಷ್ಟ. ಈಗ ಯೋಚನೆ ಮಾಡಿ. ಯಜಮಾನನ ಕಾಟ ತಡೆಯಲಾರದೆ ಒಂದು ಹುಡುಗಿ ಮನೆ ಬಿಟ್ಟು ಬಂದಳು ಅಂತಿಟ್ಟುಕೊಳ್ಳಿ. ಅವನು ಪತ್ರ ಕೊಡಲ್ಲ. ಮುಂದಿನ ಮನೆಯಲ್ಲಿ 'ಎರಡು ವರ್ಷ ಎಲ್ಲಿದ್ದೆ' ಅಂತ ಕೇಳ್ತಾರೆ. ನಿಜ ಹೇಳಿದರೆ 'ಪತ್ರ ಎಲ್ಲಿ?' ಎಲ್ಲೂ ಇರಲಿಲ್ಲ ಅಂದರೆ 20 ಪೌಂಡು. ದುಡಿದಿದ್ದ ಎರಡು ವರ್ಷವೂ ಅವಳ ಪಾಲಿಗೆ ಗ್ಯಾಪ್ ಆಗಿಹೋಯಿತು.

ಇದೇ ಪದ್ಧತಿ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಬಂದು ಇಲ್ಲಿನ ಒಂದು ಪದವನ್ನೇ ಎತ್ತಿಕೊಂಡಿತು. 1886ರಲ್ಲಿ ಬಂದ 'ಹಾಬ್ಸನ್ ಜಾಬ್ಸನ್' ಅನ್ನೋ ಆಂಗ್ಲೋ ಇಂಡಿಯನ್ ನಿಘಂಟಿನಲ್ಲಿ 'ಚಿಟ್' ಅನ್ನೋ ಪದ ಇದೆ. ಪತ್ರ ಅನ್ನೋ ಅರ್ಥದ ಜೊತೆಗೆ, ಆಳಿಗೆ ಕೊಡುವ ಸರ್ಟಿಫಿಕೇಟು ಅಂತಲೂ ಅರ್ಥ ಕೊಟ್ಟಿದ್ದಾರೆ. ಹಿಂದಿಯ ಚಿಟ್ಠಿ, ನಮ್ಮ ಚೀಟಿ, ಎಲ್ಲ ಒಂದೇ ಬಳ್ಳಿ. ಕಂಟೋನ್ಮೆಂಟುಗಳ ಬಟ್ಲರುಗಳು, ಆಯಾಗಳು ಇಂಥ ಚೀಟಿಗಳ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡುತ್ತಿದ್ದರು. ಹೆಚ್ಚಿನವರಿಗೆ ಅದರಲ್ಲಿ ಏನು ಬರೆದಿದೆ ಅಂತ ಓದೋಕೆ ಬರುತ್ತಿರಲಿಲ್ಲ. ಇವನು ಕಳ್ಳ ಅಂತ ಬರೆದ ಚೀಟಿಯನ್ನೇ ಭಕ್ತಿಯಿಂದ ಹೊಸ ದೊರೆಗೆ ತೋರಿಸಿದ ಆಳುಗಳ ಕಥೆಗಳನ್ನು ಸಾಹೇಬರು ಊಟದ ಮೇಜಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ಬೇರೆಯವರ ಚೀಟಿ ಎರವಲು ತಂದು ಕೆಲಸ ಗಿಟ್ಟಿಸಿದವರ ಕಥೆಗಳೂ ಇದ್ದವು. ಮೊದಲನೇ ಕಥೆ ಕೇಳಿದ ಮೇಲೆ ಎರಡನೆಯವರ ಮೇಲೆ ನನಗೆ ಅಷ್ಟೇನೂ ಸಿಟ್ಟು ಬರಲ್ಲ.

ಫ್ರಾನ್ಸಿನವರು ಇದನ್ನು ಇನ್ನೂ ವ್ಯವಸ್ಥಿತವಾಗಿ ಮಾಡಿದರು. 1803ರಲ್ಲಿ, ನೆಪೋಲಿಯನ್ ಆಳ್ವಿಕೆಯಲ್ಲಿ, ಕಾರ್ಮಿಕರಿಗೆ 'ಲಿವ್ರೆ' ಅನ್ನೋ ಪುಸ್ತಕ ಜಾರಿಗೆ ಬಂತು. ನಮ್ಮ ರೇಷನ್ ಕಾರ್ಡಿನಂಥ ಒಂದು ಚಿಕ್ಕ ಪುಸ್ತಕ. ಸೇರಿದ ದಿನ, ಬಿಟ್ಟ ದಿನ ಅದರಲ್ಲಿ ಬರೆಸಬೇಕು. ಕೆಲಸದಲ್ಲಿರುವಷ್ಟು ದಿನ ಪುಸ್ತಕ ಮಾಲೀಕನ ಹತ್ತಿರ. ಲಿವ್ರೆಗೆ ಸರಿಯಾದ ಮೊಹರು ಇಲ್ಲದೆ ಊರಿಂದ ಊರಿಗೆ ಹೋಗುವ ಕಾರ್ಮಿಕನನ್ನು ಅಲೆಮಾರಿ ಅಂತ ಪರಿಗಣಿಸಿ ಹಿಡಿಯಬಹುದಿತ್ತು. ಕೆಲಸ ಇಲ್ಲದ ಸಮಯ ಅನ್ನೋದು ಪೊಲೀಸರ ವಿಷಯ ಆದದ್ದು ಹೀಗೆ.

ಅದರಲ್ಲಿ ಇನ್ನೊಂದು ಅಂಶ ಇತ್ತು, ಅದು ನನಗೆ ಊರನ್ನು ನೆನಪಿಸಿತು. ಕಾರ್ಮಿಕ ಮಾಲೀಕನಿಂದ ಮುಂಗಡ ತಗೊಂಡಿದ್ದರೆ ಅದು ತೀರುವ ತನಕ ಪುಸ್ತಕ ವಾಪಸ್ ಇಲ್ಲ. ಅಥವಾ ಬಾಕಿಯನ್ನು ಪುಸ್ತಕದಲ್ಲೇ ಬರೆದು ಕಳಿಸೋದು. ಹೊಸ ಮಾಲೀಕ ಅವನ ಸಂಬಳದಲ್ಲಿ ಹಿಡಿದು ಹಳಬನಿಗೆ ಕಟ್ಟಬೇಕು. ನಮ್ಮ ಅರಸೀಕೆರೆ ಕಡೆ ಯುಗಾದಿಯಿಂದ ಯುಗಾದಿಗೆ ಸಂಬಳದಾಳು ಇಟ್ಟುಕೊಳ್ಳುವ ಪದ್ಧತಿ ಇತ್ತು. ಅಪ್ಪ ಹೇಳ್ತಿದ್ದರು, ಸಾಲ ತೀರದ ಆಳನ್ನು ಬೇರೆಯವರು ಕರ್ಕೋಬೇಕು ಅಂದ್ರೆ ಮೊದಲು ಹಳೇ ಗೌಡರ ಬಾಕಿ ಎಣಿಸಿಕೊಟ್ಟು ಬಿಡಿಸಿಕೊಂಡು ಬರಬೇಕಿತ್ತು ಅಂತ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆದರೆ ಮೊನ್ನೆ ನಮ್ಮ ಟೀಮಿಗೆ ಬಂದ ಹುಡುಗ ಖುಷಿಯಾಗಿ ಹೇಳಿದ, 'ಸರ್, ಹೊಸ ಕಂಪನಿಯವ್ರೇ ನನ್ನ ನೋಟಿಸ್ ಪೀರಿಯಡ್ ಬೈಔಟ್ ಮಾಡಿದ್ರು!' ನಾನು ಕಾಂಗ್ರಾಟ್ಸ್ ಅಂದೆ. ಎರಡೂ ಒಂದೇ ಅಂತ ಹೇಳ್ತಿಲ್ಲ, ಎಸಿ ರೂಮಿನಲ್ಲಿ ಕೂತು ಜೀತದ ಮಾತಾಡೋದು ಅನ್ಯಾಯ ಆಗುತ್ತೆ. ಆದರೂ ಆ ಪದ ಕೇಳಿದಾಗ ಒಂದು ಕ್ಷಣ ಅಪ್ಪನ ಧ್ವನಿ ಕಿವಿಯಲ್ಲಿ ಬಂತು.

ಫ್ರೆಂಚರು ನಿಧಾನಕ್ಕೆ ತಿದ್ದಿಕೊಂಡರು. 1854ರ ಕಾನೂನು ಪುಸ್ತಕವನ್ನು ಕಾರ್ಮಿಕನ ಕೈಗೆ ಕೊಟ್ಟಿತು. ಅದರಲ್ಲಿ ಒಳ್ಳೆಯದನ್ನೂ ಬರೆಯಬಾರದು, ಕೆಟ್ಟದ್ದನ್ನೂ ಬರೆಯಬಾರದು ಅಂತ ನಿಯಮ ಮಾಡಿತು. ಒಳ್ಳೆಯದನ್ನು ಯಾಕೆ ನಿಷೇಧ ಮಾಡಿದರು? ಎಲ್ಲರಿಗೂ ಹೊಗಳಿಕೆ ಬರೆದು ಒಬ್ಬನಿಗೆ ಮಾತ್ರ ಖಾಲಿ ಬಿಟ್ಟರೆ ಆ ಖಾಲಿ ಜಾಗವೇ ಬೈಗುಳ. 1890ರಲ್ಲಿ ಲಿವ್ರೆಯೇ ರದ್ದಾಯಿತು.

ಖಾಲಿ ಜಾಗದಲ್ಲೇ ಬೈಯುವ ಕಲೆಯಲ್ಲಿ ಜರ್ಮನ್ನರು ಎಲ್ಲರಿಗಿಂತ ಮುಂದೆ. 1900ರಲ್ಲಿ ಜಾರಿಗೆ ಬಂದ ಅವರ ಸಿವಿಲ್ ಸಂಹಿತೆ ಕೆಲಸ ಬಿಡುವವನಿಗೆ ಸರ್ಟಿಫಿಕೇಟು ಪಡೆಯುವ ಹಕ್ಕು ಕೊಟ್ಟಿತು. ಇವತ್ತೂ ಅಲ್ಲಿ ಆ ಪತ್ರ ಸೌಜನ್ಯದಿಂದಲೇ ಇರಬೇಕು, ಗುಪ್ತ ಸಂಕೇತ ಇರಬಾರದು. ಹಾಗಾಗಿ ಸೌಜನ್ಯದಲ್ಲೇ ಗ್ರೇಡು ಹುಟ್ಟಿಕೊಂಡಿತು. 'ತೃಪ್ತಿಯಾಗುವಂತೆ ಕೆಲಸ ಮಾಡಿದರು' ಅಂದರೆ ಕಷ್ಟ ಇದೆ, 'ಪೂರ್ಣ ತೃಪ್ತಿ' ಅಂದರೆ ಪರವಾಗಿಲ್ಲ, 'ಸದಾಕಾಲ ಪರಿಪೂರ್ಣ ತೃಪ್ತಿ' ಅಂದರೆ ಮಾತ್ರ ಫಸ್ಟ್ ಕ್ಲಾಸ್. ಜರ್ಮನಿಗೆ ಆನ್‌ಸೈಟ್ ಹೋದ ನಮ್ಮವರಲ್ಲಿ 'ತೃಪ್ತಿ' ಅಂತ ಬರೆದದ್ದನ್ನು ನೋಡಿ ತೃಪ್ತಿಪಟ್ಟವರು ಇದ್ದಾರೆ.

ಆದರೆ ಗ್ಯಾಪ್ ಮುಚ್ಚಿಡುವ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ರೈಲ್ವೆ ಕಾರ್ಮಿಕರ ಕಥೆ. 1894ರಲ್ಲಿ ಶಿಕಾಗೊ ಹತ್ತಿರ ಪುಲ್ಮನ್ ಕಂಪನಿ ಸಂಬಳ ಕಡಿತ ಮಾಡಿತು, ತನ್ನದೇ ಮನೆಗಳಲ್ಲಿದ್ದ ಕಾರ್ಮಿಕರ ಬಾಡಿಗೆ ಮಾತ್ರ ಇಳಿಸಲಿಲ್ಲ. ಮೇ ತಿಂಗಳಲ್ಲಿ ಮುಷ್ಕರ ಶುರುವಾಯಿತು. ಯೂಜೀನ್ ಡೆಬ್ಸ್ ಮುಂದಾಳತ್ವದ ಅಮೆರಿಕನ್ ರೈಲ್ವೆ ಯೂನಿಯನ್ ಬೆಂಬಲಕ್ಕೆ ನಿಂತು ಪುಲ್ಮನ್ ಬೋಗಿ ಇರುವ ರೈಲುಗಳನ್ನು ಮುಟ್ಟಲ್ಲ ಅಂದಿತು. ಫೆಡರಲ್ ಸೈನ್ಯ ಬಂತು, ಮುಷ್ಕರ ಮುರಿಯಿತು, ಡೆಬ್ಸ್ ಜೈಲಿಗೆ ಹೋದರು. ಮುಷ್ಕರದಲ್ಲಿದ್ದ ಸಾವಿರಾರು ಜನ ಬೇರೆ ರೈಲ್ವೆಗಳಲ್ಲಿ ಕೆಲಸ ಹುಡುಕಲು ಹೊರಟರು.

ಅವರ ಕೈಯಲ್ಲಿ ಹಳೇ ಕಂಪನಿ ಕೊಟ್ಟ ಸರ್ವಿಸ್ ಲೆಟರ್ ಇತ್ತು. ನೋಡೋಕೆ ಚೆನ್ನಾಗೇ ಇತ್ತು. ಆದರೂ ಕೆಲಸ ಸಿಗುತ್ತಿರಲಿಲ್ಲ. ಆಮೇಲೆ ಬಂದ ದೂರು ಸಿನಿಮಾ ಥರ ಇದೆ. ಪತ್ರದ ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗೆ ಕೊಕ್ಕರೆಯ ವಾಟರ್‌ಮಾರ್ಕ್ ಕಾಣುತ್ತೆ, ಮುಷ್ಕರ ಮಾಡಿದವರ ಪತ್ರದಲ್ಲಿ ಆ ಕೊಕ್ಕರೆಯ ಕತ್ತು ಮುರಿದಿರುತ್ತೆ ಅಂತ. ಈ ಆರೋಪ ಕೋರ್ಟಿನವರೆಗೂ ಹೋಯಿತು. ಕೊಕ್ಕರೆಯ ಕಥೆ ಎಷ್ಟು ನಿಜ ಅನ್ನೋದರ ಬಗ್ಗೆ ವಾದ ಇದೆ. ಬ್ಲ್ಯಾಕ್‌ಲಿಸ್ಟ್ ಇದ್ದದ್ದರ ಬಗ್ಗೆ ವಾದ ಇಲ್ಲ. 1894ರ ಬೇಸಿಗೆಯ ಆ ಕೆಲವು ತಿಂಗಳು ನೀನು ಎಲ್ಲಿದ್ದೆ ಅನ್ನೋದೇ ಪ್ರಶ್ನೆ.

ಅದಕ್ಕೆ ಅವರು ಕಂಡುಕೊಂಡ ದಾರಿಗೆ ರೈಲ್ವೆ ಆಡುಭಾಷೆಯಲ್ಲಿ ಒಂದು ಹೆಸರೇ ಇತ್ತು: 'ಫ್ಲ್ಯಾಗ್' ಹಾಕಿ ಕೆಲಸ ಮಾಡೋದು. ಫ್ಲ್ಯಾಗ್ ಅಂದರೆ ಸುಳ್ಳು ಹೆಸರು. ಊರೂರು ಅಲೆಯುತ್ತಿದ್ದ 'ಬೂಮರ್' ಕಾರ್ಮಿಕರು ಒಂದು ರೈಲ್ವೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕಿದರು. ಇದನ್ನು ಅಪ್ರಾಮಾಣಿಕತೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಆದರೆ ಬೆಲೆ ಏನು ಅಂತಲೂ ನೋಡಬೇಕು. ಸುಳ್ಳು ಹೆಸರಿನಲ್ಲಿ ದುಡಿದವನು ತನ್ನ ಅನುಭವವನ್ನೂ ಆ ಹೆಸರಿನಲ್ಲೇ ಬಿಟ್ಟು ಬರಬೇಕು. ಹತ್ತು ವರ್ಷ ಇಂಜಿನ್ ಓಡಿಸಿದವನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಒಂದು ಬೇಸಿಗೆಯನ್ನು ಮುಚ್ಚಿಡಲು ಹೋಗಿ ಹತ್ತು ವರ್ಷ ಕಳೆದುಕೊಂಡಂತೆ.

ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ಬೇರೆ ಉತ್ತರ ಕೊಟ್ಟವು. ಮಿಸ್ಸೂರಿ ರಾಜ್ಯ 1905ರಲ್ಲಿ ಕಾನೂನು ಮಾಡಿತು: ಕೆಲಸ ಬಿಟ್ಟವನು ಕೇಳಿದರೆ ಕಂಪನಿ ಪತ್ರ ಕೊಡಲೇಬೇಕು, ಎಷ್ಟು ಕಾಲ ಇದ್ದ, ಏನು ಕೆಲಸ ಮಾಡಿದ, ಯಾವ ನಿಜವಾದ ಕಾರಣಕ್ಕೆ ಬಿಟ್ಟ ಅಂತ ಬರೆದು ಕೊಡಬೇಕು. ನಿಜ ಹೇಳುವ ಜವಾಬ್ದಾರಿಯನ್ನು ಕಂಪನಿಯ ಮೇಲೂ ಹೊರಿಸಿದ ಕಾನೂನು ಅದು. 1800ರ ಲಂಡನ್ನಿನ ಆ ಕೇಸಿನ ಹೆಣ್ಣುಮಗಳಿಗೆ ಸಿಗದೇ ಹೋಗಿದ್ದು ಇದೇ ತಾನೆ.

ಗ್ಯಾಪ್ ಇದ್ದದ್ದಕ್ಕೇ ಶಿಕ್ಷೆ ಆದ ಕಥೆಯೂ ಇದೆ. ಸೋವಿಯತ್ ಒಕ್ಕೂಟದಲ್ಲಿ 1939ರ ಜನವರಿಯಿಂದ ಎಲ್ಲ ನೌಕರರಿಗೂ ಒಂದೇ ಥರದ ಲೇಬರ್ ಬುಕ್ ಬಂತು. ಬಿಟ್ಟ ಕಾರಣವನ್ನೂ ಅದರಲ್ಲಿ ಬರೆಯುತ್ತಿದ್ದರು. ಸೇವೆ ತುಂಡಾಗದೆ ಇದ್ದವರಿಗೆ ಕಾಯಿಲೆ ಬಿದ್ದಾಗ ಸಿಗುವ ಹಣ ಜಾಸ್ತಿ. 1961ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡದವರನ್ನು 'ಪರಾವಲಂಬಿ' ಅಂತ ಗಡಿಪಾರು ಮಾಡುವ ಆದೇಶ ಬಂತು.

1964ರ ಫೆಬ್ರವರಿ, ಲೆನಿನ್‌ಗ್ರಾಡ್. ಇಪ್ಪತ್ಮೂರು ವರ್ಷದ ಯುವಕನೊಬ್ಬನನ್ನು ಈ ಆರೋಪದ ಮೇಲೆ ಕೋರ್ಟಿಗೆ ತಂದರು. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟವನು. ಫ್ಯಾಕ್ಟರಿ, ಶವಾಗಾರ, ಬಾಯ್ಲರ್ ರೂಮು, ಭೂಗರ್ಭ ಸರ್ವೆ ತಂಡ ಅಂತ ಹದಿಮೂರು ಸಲ ಕೆಲಸ ಬದಲಿಸಿದ್ದ. ನಡುನಡುವೆ ತಿಂಗಳುಗಟ್ಟಲೆ ಖಾಲಿ. ಈಗಿನ ರಿಕ್ರೂಟರ್ ಭಾಷೆಯಲ್ಲಿ 'ಜಾಬ್ ಹಾಪರ್ ವಿತ್ ಗ್ಯಾಪ್ಸ್'. ಆ ಖಾಲಿ ತಿಂಗಳುಗಳಲ್ಲಿ ಏನು ಮಾಡುತ್ತಿದ್ದೆ ಅಂತ ನ್ಯಾಯಾಧೀಶೆ ಮತ್ತೆ ಮತ್ತೆ ಕೇಳಿದರು. ಕವಿತೆ ಬರೆಯುತ್ತಿದ್ದೆ ಅಂದ. ನೀನು ಕವಿ ಅಂತ ಯಾರು ಒಪ್ಪಿಕೊಂಡಿದ್ದಾರೆ, ಅದನ್ನು ಎಲ್ಲಿ ಕಲಿತೆ ಅಂತ ಕೇಳಿದರು. ಸರ್ಟಿಫಿಕೇಟು ತೋರಿಸು ಅನ್ನೋ ಧಾಟಿಯಲ್ಲೇ ವಿಚಾರಣೆ ನಡೆಯಿತು. ಮಾರ್ಚ್ 13ರಂದು ತೀರ್ಪು: ಐದು ವರ್ಷ ದೂರದ ಉತ್ತರದಲ್ಲಿ ಕಡ್ಡಾಯ ದುಡಿಮೆ. ಅರ್ಖಾಂಗೆಲ್ಸ್ಕ್ ಪ್ರಾಂತದ ನೊರೆನ್ಸ್ಕಾಯ ಅನ್ನೋ ಹಳ್ಳಿಯಲ್ಲಿ ಅವನು ಹೊಲದ ಕೆಲಸ ಮಾಡಿದ. ವಿಚಾರಣೆಯನ್ನು ಫ್ರಿದಾ ವಿಗ್ದೊರೊವಾ ಅನ್ನೋ ಪತ್ರಕರ್ತೆ ಕೋರ್ಟಿನಲ್ಲೇ ಕೂತು ಬರೆದುಕೊಂಡಿದ್ದರು. ಆ ಟಿಪ್ಪಣಿ ಕೈಯಿಂದ ಕೈಗೆ ಹೋಗಿ ಪಶ್ಚಿಮ ದೇಶಗಳನ್ನು ಮುಟ್ಟಿ ಗದ್ದಲವಾಯಿತು. ಒಂದೂವರೆ ವರ್ಷಕ್ಕೆ ಅವನನ್ನು ಬಿಡಬೇಕಾಯಿತು. ಬಿಡುಗಡೆಗೆ ಒಂದು ತಿಂಗಳ ಮುಂಚೆ ವಿಗ್ದೊರೊವಾ ತೀರಿಕೊಂಡರು. ಯುವಕನ ಹೆಸರು ಜೋಸೆಫ್ ಬ್ರಾಡ್ಸ್ಕಿ. 1987ರಲ್ಲಿ ನೊಬೆಲ್ ಬಂತು.

ನಿಲ್ಲಿ, 'ನೋಡಿ, ಗ್ಯಾಪ್ ಇದ್ದರೂ ನೊಬೆಲ್ ಬರುತ್ತೆ' ಅಂತ ಲಿಂಕ್ಡ್‌ಇನ್ ಪೋಸ್ಟ್ ಬರೆಯೋಕೆ ನಾನು ಈ ಕಥೆ ಹೇಳಲಿಲ್ಲ. ನೊಬೆಲ್ ಬರದೆ ಹೋಗಿದ್ದರೂ ಆ ಖಾಲಿ ತಿಂಗಳುಗಳು ಅವನವೇ. ನನಗೆ ಮುಖ್ಯ ಅನ್ನಿಸಿದ್ದು ಅವನು ಕೊಟ್ಟ ಉತ್ತರ. ಕಾಯಿಲೆ ಇತ್ತು ಅಂತಲೋ, ಕೆಲಸ ಹುಡುಕುತ್ತಿದ್ದೆ ಅಂತಲೋ ಹೇಳಿ ಜಾರಿಕೊಳ್ಳಲು ನೋಡಬಹುದಿತ್ತು. ಏನು ಮಾಡುತ್ತಿದ್ದನೋ ಅದನ್ನೇ ಹೇಳಿದ.

ಇನ್ನು ನಮ್ಮ ಮನೆಗೆ ಬರೋಣ. ಭಾರತದಲ್ಲಿ ಸರ್ಕಾರಿ ನೌಕರರಿಗೆ ಸರ್ವಿಸ್ ರಿಜಿಸ್ಟರ್ ಇದೆ, ಅಲ್ಲಿ ಬ್ರೇಕ್ ಆದರೆ ಪೆನ್ಷನ್‌ಗೆ ಪೆಟ್ಟು. ಕಾರ್ಖಾನೆಯವರಿಗೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ ಬಂತು. ಅದರ ಮಾದರಿ ನಿಯಮಗಳ ಪ್ರಕಾರ ಕೆಲಸ ಬಿಡುವ ಕಾಯಂ ಕಾರ್ಮಿಕನಿಗೆ ಸರ್ವಿಸ್ ಸರ್ಟಿಫಿಕೇಟು ಹಕ್ಕಾಗಿತ್ತು. ನಮ್ಮ ರಾಜ್ಯದಲ್ಲಿ ಐಟಿ ಕಂಪನಿಗಳಿಗೆ ಷರತ್ತಿನ ಮೇಲೆ ಈ ಕಾಯ್ದೆಯಿಂದ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂತು. ಹಾಗಾಗಿ ರಿಲೀವಿಂಗ್ ಲೆಟರ್ ಅನ್ನೋದು ನಮ್ಮಲ್ಲಿ ಬಹುಮಟ್ಟಿಗೆ ರೂಢಿಯ ಬಲದ ಮೇಲೆ ನಡೆಯುವ ವಸ್ತು. ಜಗಳ ಮಾಡಿಕೊಂಡು ಬಿಟ್ಟವರಿಗೆ ಅದನ್ನು ತಡೆಹಿಡಿದು ಸತಾಯಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಾರ್ಡ್ ಕೆನ್ಯನ್ ಇನ್ನೂ ಔಟರ್ ರಿಂಗ್ ರೋಡಿನಲ್ಲಿ ಓಡಾಡಿಕೊಂಡಿದ್ದಾರೆ.

ನಾನು ಬಿಇ ಮುಗಿಸಿದ್ದು 2010ರಲ್ಲಿ. ನಮಗಿಂತ ಒಂದು ವರ್ಷ ಸೀನಿಯರ್ಸ್ ಕಥೆ ಕೇಳಬೇಕು. 2008ರ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಬಿತ್ತು. ಅವರ ಕೈಯಲ್ಲಿ ಕ್ಯಾಂಪಸ್ ಆಫರ್ ಲೆಟರ್ ಇತ್ತು, ಜಾಯ್ನಿಂಗ್ ಡೇಟ್ ಮುಂದಕ್ಕೆ ಹೋಗ್ತಾನೇ ಇತ್ತು. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದವರು ಇನ್‌ಬಾಕ್ಸ್ ನೋಡಿಕೊಂಡು ತಿಂಗಳುಗಟ್ಟಲೆ ಕೂತರು. ಆಮೇಲೆ ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ಕೇಳಿದ್ದು ಏನು ಗೊತ್ತಾ? 'ಗ್ರ್ಯಾಜುಯೇಷನ್ ಆದಮೇಲೆ ಯಾಕೆ ಗ್ಯಾಪ್?' ಗ್ಯಾಪ್ ಮಾಡಿದ್ದು ಇಂಡಸ್ಟ್ರಿ, ವಿವರಣೆ ಕೊಡಬೇಕಾದ್ದು ಹುಡುಗರು. ಅಂಥ ಹೊತ್ತಲ್ಲೇ ಬೆಂಗಳೂರಿನಲ್ಲಿ 'ಎಕ್ಸ್‌ಪೀರಿಯನ್ಸ್ ಮಾಡಿಕೊಡ್ತೀವಿ' ಅನ್ನೋ ಕನ್ಸಲ್ಟೆನ್ಸಿಗಳಿಗೆ ಸುಗ್ಗಿ. ದುಡ್ಡು ಕೊಟ್ಟರೆ ಆಫರ್ ಲೆಟರ್, ಪೇ ಸ್ಲಿಪ್, ಫೋನ್ ಎತ್ತಲು ಒಬ್ಬ 'ಎಚ್ಆರ್' ಎಲ್ಲ ಸಿಗುತ್ತಿತ್ತು. ಎರವಲು ಚೀಟಿಯ ಹೊಸ ಅವತಾರ.

ಉದ್ಯಮದವರು ಸುಮ್ಮನಿರಲಿಲ್ಲ. ನ್ಯಾಸ್ಕಾಮ್ 2006ರಲ್ಲೇ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಶುರುಮಾಡಿತ್ತು. ಫೋಟೊ, ಬೆರಳಚ್ಚು, ಓದು, ಕೆಲಸ ಎಲ್ಲ ಒಂದೇ ಕಡೆ. ಆದರೆ ನಿಜವಾದ ಬದಲಾವಣೆ ತಂದದ್ದು 2014ರಲ್ಲಿ ಬಂದ ಪಿಎಫ್‌ನ ಯುಎಎನ್ ಸಂಖ್ಯೆ. ಎಷ್ಟೇ ಕಂಪನಿ ಬದಲಿಸಿದರೂ ಸಂಖ್ಯೆ ಒಂದೇ. ಸೇರಿದ ತಿಂಗಳು, ಬಿಟ್ಟ ತಿಂಗಳು ಪಾಸ್‌ಬುಕ್‌ನಲ್ಲಿ ಸಾಲಾಗಿ ನಿಂತಿರುತ್ತವೆ. ಜೊತೆಗೆ 26ಎಎಸ್ ತೆಗೆದರೆ ಯಾವ ತಿಂಗಳು ಯಾರು ಟಿಡಿಎಸ್ ಕಟ್ಟಿದರು ಅಂತ ಗೊತ್ತಾಗುತ್ತೆ. ಲಿವ್ರೆಗಿಂತ ಗಟ್ಟಿಯಾದ ಪುಸ್ತಕ, ನಮಗೆ ಕಾಣದಂತೆ ನಮ್ಮ ಹೆಸರಲ್ಲಿ ಬರೆಯುತ್ತಾ ಇರುತ್ತೆ.

ಈಗ ನಾನು ಹೈರಿಂಗ್ ಪ್ಯಾನೆಲ್‌ನಲ್ಲಿ ಕೂರ್ತೀನಿ. ವೆರಿಫಿಕೇಶನ್‌ನಲ್ಲಿ ಕೆಂಪು ಗುರುತು ಬಿದ್ದ ಕೇಸುಗಳನ್ನು ನೋಡಿದ್ದೀನಿ. ನಾನು ನೋಡಿದವುಗಳಲ್ಲಿ ಗ್ಯಾಪ್ ಇದೆ ಅಂತ ಕೆಂಪಾದದ್ದು ಒಂದೂ ಇಲ್ಲ. ಜೂನ್‌ನಲ್ಲಿ ಬಿಟ್ಟ ಕೆಲಸವನ್ನು ಅಕ್ಟೋಬರ್ ತನಕ ಎಳೆದದ್ದು, ಇದ್ದೇ ಇರದ ಕಂಪನಿಯನ್ನು ನಡುವೆ ಸೇರಿಸಿದ್ದು, ಅಂಥವೇ ಎಲ್ಲ. ನಾಲ್ಕು ತಿಂಗಳ ಖಾಲಿ ಜಾಗಕ್ಕೆ ಯಾರೂ ಆಫರ್ ವಾಪಸ್ ತಗೊಳ್ಳುತ್ತಿರಲಿಲ್ಲ. ಮುಚ್ಚಲು ಹೋದದ್ದಕ್ಕೆ ಕೈಗೆ ಬಂದ ಕೆಲಸ ಹೋಯಿತು, ಆರು ವರ್ಷದ ನಿಜವಾದ ಅನುಭವದ ಮೇಲೂ ಅನುಮಾನ ಬಂತು. ಫ್ಲ್ಯಾಗ್ ಹಾಕಿ ದುಡಿದ ಇಂಜಿನ್ ಡ್ರೈವರ್‌ಗೆ ಆದದ್ದೇ ಇವರಿಗೂ ಆಯಿತು. ಅವನಿಗೆ ಬೇರೆ ದಾರಿ ಇರಲಿಲ್ಲ ಅನ್ನೋದೊಂದು ವ್ಯತ್ಯಾಸ.

ನನ್ನ ಗ್ಯಾಪ್ ಹನ್ನೊಂದು ತಿಂಗಳು, 2016ರ ಜೂನ್‌ನಿಂದ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಯಿತು. ಅವ್ವ ಒಬ್ಬಳೇ. ತೆಂಗಿನ ತೋಟಕ್ಕೆ ನೀರಿಲ್ಲ, ಬೋರು ಬತ್ತಿತ್ತು. ಮ್ಯಾನೇಜರ್ ಮೂರು ವಾರ ರಜೆ ಕೊಟ್ಟರು, ಆಮೇಲೆ ಕೈಚೆಲ್ಲಿದರು. ಬಿಟ್ಟೆ. ಅಪ್ಪ ಗೋಡೆ ಹಿಡಿದು ಹಟ್ಟಿ ಬಾಗಿಲ ತನಕ ನಡೆಯೋ ಹೊತ್ತಿಗೆ ಮುಂದಿನ ವರ್ಷದ ಏಪ್ರಿಲ್ ಬಂದಿತ್ತು.

ವಾಪಸ್ ಬೆಂಗಳೂರಿಗೆ ಬಂದಾಗ ಗೆಳೆಯರು ಕೊಟ್ಟ ಸಲಹೆ ಮೂರು ಥರ. ತಿಂಗಳು ಬರೆಯಬೇಡ, ಬರೀ ವರ್ಷ ಬರಿ. ಫ್ರೀಲ್ಯಾನ್ಸ್ ಅಂತ ಹಾಕು. ಕೋರ್ಸ್ ಮಾಡಿದೆ ಅನ್ನು. ಬರೀ ವರ್ಷ ಬರೆಯೋದು ಸುಳ್ಳಲ್ಲ ನಿಜ, ಆದರೆ ರೆಸ್ಯೂಮೆ ನೋಡುವವರು ಮೊದಲು ಅನುಮಾನ ಪಡೋದೇ ಅಲ್ಲಿ. ಫ್ರೀಲ್ಯಾನ್ಸ್ ಮಾಡಿದ್ದರೆ ಹಾಕಬಹುದಿತ್ತು. ನಾನು ಒಂದು ಸಾಲು ಬರೆದೆ: 'ಜೂನ್ 2016ರಿಂದ ಏಪ್ರಿಲ್ 2017: ತಂದೆಯ ಅನಾರೋಗ್ಯದ ಕಾರಣ ಊರಿನಲ್ಲಿ, ಪೂರ್ಣಾವಧಿ ಆರೈಕೆ. ಈಗ ಕೆಲಸಕ್ಕೆ ಸಿದ್ಧ.' ಬೇರೇನೂ ಇಲ್ಲ. ಒಂದು ಕಂಪನಿಯಲ್ಲಿ ಎಚ್ಆರ್ ಕೇಳಿದರು, 'ಆ ಹನ್ನೊಂದು ತಿಂಗಳು ಏನ್ ಮಾಡ್ತಿದ್ರಿ? ಐ ಮೀನ್, ಪ್ರೊಡಕ್ಟಿವ್ ಆಗಿ?' ಅಪ್ಪನ್ನ ಎತ್ತಿ ಕೂರಿಸ್ತಿದ್ದೆ ಮೇಡಂ, ಅಂದೆ. ಅಲ್ಲಿ ಕೆಲಸ ಆಗಲಿಲ್ಲ. ಇನ್ನೊಂದು ಕಡೆ ಪ್ಯಾನೆಲ್‌ನಲ್ಲಿದ್ದವರು ಆ ಸಾಲು ಓದಿ, 'ಈಗ ಹೇಗಿದಾರೆ?' ಅಂತ ಕೇಳಿ, ಮುಂದಿನ ಪ್ರಶ್ನೆ ಜಾವಾ ಮೆಮೊರಿ ಮಾಡೆಲ್ ಬಗ್ಗೆ ಕೇಳಿದರು. ಅಲ್ಲಿ ತಡವರಿಸಿದೆ, ಗ್ಯಾಪ್‌ನ ನಿಜವಾದ ನಷ್ಟ ಅಲ್ಲಿತ್ತು. ಆದರೂ ತಗೊಂಡರು, ಸಂಬಳ ಹಳೇ ಕಡೆಗಿಂತ ಸ್ವಲ್ಪ ಕಮ್ಮಿ. ನಿಜ ಹೇಳಿದರೆ ನಷ್ಟವೇ ಆಗಲ್ಲ ಅಂತ ಹೇಳೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ.

ಎಷ್ಟು ಹೇಳಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಇದಕ್ಕೆ ನನಗೆ ದಾರಿ ತೋರಿಸಿದ್ದು 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅವತಾರ್ ಸಿಂಗ್ ಕೇಸಿನಲ್ಲಿ ಕೊಟ್ಟ ತೀರ್ಪು. ಅದು ಸರ್ಕಾರಿ ಕೆಲಸದ ವೆರಿಫಿಕೇಶನ್ ಫಾರಂನಲ್ಲಿ ಕ್ರಿಮಿನಲ್ ಕೇಸು ಮುಚ್ಚಿಟ್ಟವರ ಬಗ್ಗೆ, ಗ್ಯಾಪ್ ಬಗ್ಗೆ ಅಲ್ಲ. ಆದರೆ ಅದರಲ್ಲಿ ಒಂದು ಅಂಶ ಎಲ್ಲರಿಗೂ ಹೊಂದುತ್ತೆ. ಕೊಡುವ ಮಾಹಿತಿ ನಿಜ ಇರಬೇಕು, ಸುಳ್ಳು ಹೇಳಬಾರದು. ಹಾಗೇ, ಮುಚ್ಚಿಟ್ಟ ಅನ್ನಬೇಕಾದರೆ ಪ್ರಶ್ನೆ ಸ್ಪಷ್ಟವಾಗಿರಬೇಕು. ನಿರ್ದಿಷ್ಟವಾಗಿ ಕೇಳಿದ್ದನ್ನು ಹೇಳಿದರೆ ಸಾಕು. ಅಂದರೆ ದಿನಾಂಕ ಕೇಳಿದರೆ ದಿನಾಂಕ ಸರಿಯಾಗಿ ಕೊಡಿ. ಕಾರಣ ಕೇಳಿದರೆ ನಿಜವಾದ ಕಾರಣ, ಒಂದು ಸಾಲು. ಯಾವ ಡಾಕ್ಟರು, ಯಾವ ಮಾತ್ರೆ, ಡಿಪ್ರೆಷನ್ನಾ, ಅಬಾರ್ಷನ್ನಾ, ಡಿವೋರ್ಸಾ ಅಂತ ಎದುರಿಗೆ ಕೂತವರಿಗೆ ಬಿಡಿಸಿ ಹೇಳುವ ಸಾಲ ನಮ್ಮ ಮೇಲಿಲ್ಲ. 'ಆರೋಗ್ಯದ ಕಾರಣ, ಈಗ ಕೆಲಸಕ್ಕೆ ತೊಂದರೆ ಇಲ್ಲ' ಅನ್ನೋದು ಪೂರ್ತಿ ಉತ್ತರ. ಲೇಆಫ್ ಆಗಿದ್ದರೆ ಲೇಆಫ್ ಅನ್ನಿ. ಆ ಪದ ನಿಮ್ಮದಲ್ಲ, ಕಂಪನಿಯದ್ದು. 2022ರ ಮಾರ್ಚ್‌ನಲ್ಲಿ ಲಿಂಕ್ಡ್‌ಇನ್ 'ಕರಿಯರ್ ಬ್ರೇಕ್' ಅನ್ನೋ ಆಯ್ಕೆ ತಂದಿತು, ಆರೈಕೆ, ಆರೋಗ್ಯ, ಲೇಆಫ್ ಎಲ್ಲ ಪಟ್ಟಿಯಲ್ಲೇ ಇವೆ.

ಹೋದ ವರ್ಷ ನಮ್ಮ ಪ್ಯಾನೆಲ್‌ಗೆ ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಮಗು ಆದಮೇಲೆ ಮೂರು ವರ್ಷ ಮನೆಯಲ್ಲಿದ್ದವರು. ರೆಸ್ಯೂಮೆಯಲ್ಲಿ ಆ ಜಾಗಕ್ಕೆ ಏನೇನೋ ಸರ್ಟಿಫಿಕೇಷನ್ ತುಂಬಿದ್ದರು. ನನ್ನ ಜೊತೆ ಕೂತಿದ್ದ ಹುಡುಗ ಅದರ ಬಗ್ಗೆಯೇ ಕೊರೆಯಲು ಶುರುಮಾಡಿದ. ಅವರು ಸ್ವಲ್ಪ ಹೊತ್ತು ಉತ್ತರ ಕೊಟ್ಟು, ಆಮೇಲೆ ನಿಲ್ಲಿಸಿ, 'ಸರ್, ಅವೆಲ್ಲ ಕೊನೇ ಎರಡು ತಿಂಗಳಲ್ಲಿ ಮಾಡಿದ್ದು. ಅದಕ್ಕೂ ಮುಂಚೆ ಮಗು ನೋಡ್ಕೊಂಡಿದ್ದೆ. ಎಸ್‌ಕ್ಯೂಎಲ್ ಕೇಳಿ, ಹೇಳ್ತೀನಿ' ಅಂದರು. ಕೇಳಿದೆವು. ಹೇಳಿದರು. ಈಗ ನನ್ನ ಎದುರಿನ ಡೆಸ್ಕ್‌ನಲ್ಲೇ ಇದ್ದಾರೆ.

ನಮ್ಮ ಕಂಪನಿಯ ಫಾರಂನಲ್ಲಿ ಆ ಕಾಲಂ ಈಗಲೂ ಇದೆ. 'ಗ್ಯಾಪ್‌ಗೆ ಕಾರಣ', ಪಕ್ಕದಲ್ಲಿ ಕೆಂಪು ನಕ್ಷತ್ರ, ಇನ್ನೂರು ಅಕ್ಷರದ ಮಿತಿ. 'ನಿಮ್ಮ ಹಿಂದಿನ ಕಂಪನಿ ರಿಲೀವಿಂಗ್ ಲೆಟರ್ ಕೊಡದಿದ್ದರೆ ಕಾರಣ' ಅಂತ ಇನ್ನೊಂದು ಕಾಲಂ ಸೇರಿಸಿ ಅಂತ ಎಚ್ಆರ್‌ಗೆ ಮೇಲ್ ಹಾಕಿದ್ದೆ. ಟಿಕೆಟ್ ಇನ್ನೂ ಓಪನ್ ಇದೆ.